ಎಮ್ಮೆಯ ಮಗ್ಗುಲು

"ಈ ಕೊಟ್ಟಿಗ್ಯಾಗ ಯಾರು ಮಲಗ್ತಾರ್ರಿ?" ಮಲೇರಿಯಾ ಖಾತೆಯ ಸಿದ್ರಾಮಪ್ಪ ಹಿತ್ತಿಲಲ್ಲಿ ನಿಂತು ಕೇಳಿದ.

"ಎಮ್ಮಿ," ಎಂದಳು ತುಂಗಕ್ಕ. "ಮತ್ಯಾರು, ಗವರ್ನರ್ ಸಾಹೇಬ್ರು ಮಲಗ್ತಾರೇನು?"

ಹೋದ ತಿಂಗಳು ಅವನು ಇದೇ ಗೋಡೆಯ ಮೇಲೆ ಹೊಟ್ಟೆ ತುಂಬಿ ಕೂತಿದ್ದ ಸೊಳ್ಳೆಗಳನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಅವು ಕುಡಿದಿದ್ದ ರಕ್ತವನ್ನು ಕಾಗದಕ್ಕೆ ಒರೆಸಿ, ಯಾವುದರ ರಕ್ತವೆಂದು ತಿಳಿಯಲು ಪ್ರಯೋಗಶಾಲೆಗೆ ಕಳಿಸಿದ್ದ. ಕೊಂಢವಾ ದಾರಿಯ ಹಳ್ಳದ ದಂಡೆಯಲ್ಲಿ ಮನೆಮನೆಗೂ ಚಳಿಜ್ವರ. ಎಮ್ಮೆ ಕಟ್ಟಿದ ಈ ಮನೆಯಲ್ಲಿ ಮಾತ್ರ ಕಡಿಮೆ. "ಈ ಜಾತಿ ಗುಂಗಾಡಕ್ಕ ದನದ ರಕ್ತಾನ ಭಾಳ ಸೇರ್ತದರಿ. ಎಮ್ಮಿ ಸಿಕ್ರ ಮನಿಯೊಳಗ ಬರೂದಿಲ್ಲ" ಎಂದು ಅಂದೇ ಹೇಳಿದ್ದ. ಆಗಿನಿಂದ ತುಂಗಕ್ಕ ಎಮ್ಮೆಗೆ ಒಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕುತ್ತಿದ್ದಳು.

ಜ್ವರವಿದ್ದದ್ದು ಸೊಸೆ ಮಂದಾಕಿನಿ ಒಬ್ಬಳಿಗೇ. ಮದುವೆಯಾಗಿ ಬಂದಾಗಿನಿಂದ ಮತ್ತೆ ಮತ್ತೆ ನಡುಗಿ ಮಲಗುತ್ತಿದ್ದಳು. ಅವಳ ಟ್ರಂಕು ನಡುಮನೆಗೆ ಬಂದಿತ್ತು. ನಾಳೆ ತವರಿಗೆ, ಧಾರವಾಡದ ಗಾಡಿ. "ಜಡ್ಡಿನ ಹುಡುಗಿ. ಹೋದ್ರ ಮತ್ತ ಕರಸೂದಿಲ್ಲ" ಎಂದು ಅವಳ ಗಂಡ, ತುಂಗಕ್ಕನ ಮಗ ಕೃಷ್ಣಾಜಿ ಓಣಿಗೆ ಕೇಳುವಂತೆ ಹೇಳಿದ್ದ.

"ಅಲ್ರಿ," ಸಿದ್ರಾಮಪ್ಪ ಪ್ರಯೋಗಶಾಲೆಯ ವರದಿ ತೆಗೆದ, "ಆ ರಕ್ತದಾಗ ಮನಷ್ಯಾರದೂ ಬಂದದ. ಇಲ್ಲೇ ಯಾರನ್ನೋ ಕಡಿದಾವ."

"ಯಾರೂ ಇಲ್ಲಪಾ. ಕಡಿಗಾದಾಗ ಸೊಸಿ ಒಬ್ಬಾಕಿ ಮಲಗ್ತಾಳ."

"ಕಡಿದಾಗ ಯಾಕ ಮಲಗ್ತಾರ್ರಿ? ಎದ್ದು ಒಳಗ ಬರಬೇಕಲ್ಲ!"

ತುಂಗಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೆಂಗಸರು ಮುಟ್ಟಾದರೆ ಆ ಮನೆಯಲ್ಲಿ 'ಕಡಿಗಾದಳು' ಎನ್ನುತ್ತಿದ್ದರು. ಲಿಂಗವಂತರ ಮನೆಯ ಸಿದ್ರಾಮಪ್ಪನಿಗೆ ಆ ಮಾತೂ ಗೊತ್ತಿಲ್ಲ, ಆ ಮೈಲಿಗೆಯೂ ಗೊತ್ತಿಲ್ಲ.

"ಕಡಿಯೂದಲ್ಲೋ ತಮ್ಮಾ, ಮುಟ್ಟು. ಮೂರು ದಿನ ಒಳಗ ಬರೂ ಹಂಗಿಲ್ಲ."

ಅವನು ತಲೆ ತಗ್ಗಿಸಿದ. "ಹಂಗಾದ್ರ ಅವರ ಜ್ವರ ಇಲ್ಲಿಂದನ ಬಂದದ್ರಿ" ಎಂದ. "ಓಣ್ಯಾನ ಗುಂಗಾಡ ಎಲ್ಲಾ ಎಮ್ಮಿ ಹುಡಿಕ್ಕೊಂಡು ಬರ್ತಾವ. ಜ್ವರದವರನ್ನ ಕಡಿದದ್ದೂ ಅದರಾಗ ಇರ್ತಾವ. ಎಮ್ಮಿ ಮಗ್ಗಲಕ ಮಲಗಿದವರನ್ನ ಬಿಡ್ತಾವೇನ್ರಿ? ಎಮ್ಮಿಗೆ ಈ ಜ್ವರ ಬರೂದಿಲ್ಲ, ಮನಷ್ಯಾರಿಗೆ ಬರ್ತದ."

ತುಂಗಕ್ಕನ ನಗೆ ನಿಂತಿತು. ಗೋದಲಿಯ ಪಕ್ಕದಲ್ಲಿ ಸುತ್ತಿಟ್ಟ ಚಾಪೆಯನ್ನು ನೋಡಿದಳು. ಅವಳು ಸೊಸೆಯಾಗಿ ಬಂದಾಗಲೂ ಚಾಪೆಯ ಜಾಗ ಅದೇ.

"ನನಗೂ ಬರ್ತಿತ್ತು," ಎಂದಳು. "ಜಡ್ಡಿನಾಕಿ ಅಂತ ನನ್ನೂ ಅಂದ್ರು. ಮುಟ್ಟು ನಿಂತ ಮ್ಯಾಲ ಜ್ವರಾನೂ ನಿಂತ್ತು. ದೇವರು ಕಣ್ಣು ತೆರದಾ ಅಂದ್ಕೊಂಡಿದ್ದೆ."

ಸಿದ್ರಾಮಪ್ಪ ಕೊಟ್ಟ ಕ್ವಿನೈನ್ ಗುಳಿಗೆಗಳನ್ನು ಸೊಸೆಯ ಕೈಗೆ ಹಾಕಿ, ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಕೃಷ್ಣಾಜಿ ಕೂಗಾಡಿದ. ತುಂಗಕ್ಕ ಅಕ್ಕಿ ಆರಿಸುತ್ತ ಕೂತಳು.

ಮುಂದಿನ ವಾರ ಮಂದಾಕಿನಿ ಕಡಿಗಾದಳು. ಸಂಜೆ ತುಂಗಕ್ಕ ಕೊಟ್ಟಿಗೆಗೆ ಹೋಗಿ, ಮೈಲಿಗೆಯೆಂದು ಯಾರೂ ಮುಟ್ಟದ ಆ ಚಾಪೆಯನ್ನು ತಾನೇ ಎತ್ತಿಕೊಂಡು ಬಂದು ಸೊಸೆಗೆ ಪಡಸಾಲೆಯಲ್ಲಿ ಹಾಸಿದಳು. ಮೇಲೆ ಸೊಳ್ಳೆಪರದೆ ಕಟ್ಟಿದಳು. ಆಮೇಲೆ ಬಾವಿಗೆ ಹೋಗಿ ಕೊಡ ಕೊಡ ನೀರು ತಲೆಗೆ ಸುರಿದುಕೊಂಡಳು.

"ಈ ಹೊತ್ತಿನ್ಯಾಗ ಸ್ನಾನ ಯಾಕವ್ವಾ?" ಕೃಷ್ಣಾಜಿ ಕೇಳಿದ.

"ಮೈಲಿಗಿ ಅಲ್ಲೇನೋ, ತೊಳಕೊಂಡ್ರ ಹೋಗ್ತದ," ಎಂದು ತುಂಗಕ್ಕ ಮತ್ತೊಂದು ಕೊಡ ಎತ್ತಿದಳು.