ದನಿಯ ಕೊನೆಯ ಪಾಳಿ

ಲಕ್ಷಕ್ಕೊಬ್ಬರಿಗೆ ಬರುವ ಗಂಟಲ ಕ್ಯಾನ್ಸರ್ ನನಗೇ ಬಂತು. ದನಿಪೆಟ್ಟಿಗೆ ತೆಗೆದ ಮೇಲೆ, ಇಂಥ ಮನೆಗಳಲ್ಲಿ ಎಲ್ಲರೂ ಮಾಡುವಂತೆ, ಹೆಂಡತಿ ಫಕೀರವ್ವ ತನ್ನ ದನಿ ಹಂಚಿಕೊಂಡಳು. ಕೊರಳಿಗೆ ಕೊರಳು ತಾಗಿಸಿದರೆ ದನಿ ದಾಟುತ್ತದೆ. ದಿನ ಬಿಟ್ಟು ದಿನ ಪಾಳಿ. ಒಬ್ಬರು ಮಾತಾಡುವ ದಿನ ಇನ್ನೊಬ್ಬರು ಮೂಕರು. ನಾಲ್ಕು ವರ್ಷ ಅವಳ ದನಿಯಲ್ಲೇ ಊರನ್ನೆಲ್ಲ ಬೈದೆ.

ಈಗ ಕ್ಯಾನ್ಸರ್ ಮರಳಿದೆ. ನಾಳೆ ಆಪರೇಷನ್. ಇವತ್ತು ಸಂಜೆಯೊಳಗೆ ದನಿಯನ್ನು ಪೂರ್ತಿ ಅವಳಿಗೆ ಕೊಟ್ಟುಬಿಡಬೇಕು, ಆಪರೇಷನ್ ಆದಮೇಲೆ ನಿಮ್ಮ ಕೊರಳಿಗೆ ಮತ್ತೆ ಪಡೆಯಲಾಗದು ಎಂದರು ಡಾಕ್ಟರು.

ಕೊಡುವ ಮುಂಚೆ ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಚನ್ನವೀರ ನಮ್ಮ ಬಾಗಿಲಿಗೆ ಅಡ್ಡ ಟ್ರ್ಯಾಕ್ಟರ್ ನಿಲ್ಲಿಸಿದ. ನಾಳೆ ಆಸ್ಪತ್ರೆಯ ಗಾಡಿ ಎಲ್ಲಿಂದ ಬರಬೇಕು? ಹೊತ್ತು ಮುಳುಗುವವರೆಗೆ ಬೈದೆ.

"ಇವತ್ತೊಂದಿನ ಬೈರಿ ಕಾಕಾ. ನಾಳಿಂದ ಓಣಿ ತಣ್ಣಗಿರತೈತಿ," ಎಂದ.

ಫಕೀರವ್ವ ನನ್ನ ರಟ್ಟೆ ಹಿಡಿದು ಒಳಗೆಳೆದು ಕೊರಳು ತಾಗಿಸಿದಳು.

"ನನಗ ಏನರ ಹೇಳೂದಿತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಗೊತ್ತಾತು ಬಿಡ್ರಿ," ಎಂದಳು.

ತನ್ನ ಪಾಳಿಯಲ್ಲಿ ಒಮ್ಮೆಯೂ ಯಾರನ್ನೂ ಗದರದವಳು, ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋಗಿ, ನಾನು ನಿಲ್ಲಿಸಿದ ಬೈಗುಳದಿಂದಲೇ ಶುರು ಮಾಡಿದಳು.