ಟವೆಲಿನ ತುದಿಯ ಗಂಟು

ಟವೆಲಿನ ತುದಿಯಲ್ಲಿದ್ದ ಗಂಟನ್ನು ಶೇಷಪ್ಪ ತಿರುಗಿಸಿ ತಿರುಗಿಸಿ ನೋಡಿದ. ಮರೆವು ಶುರುವಾದಾಗಿನಿಂದ ನೆನಪಿಗೆಂದು ಗಂಟು ಹಾಕಿಕೊಳ್ಳುವುದು ಅವನ ರೂಢಿಯೇ. ಆದರೆ ಇದು ಅವನು ಹಾಕಿದ್ದಲ್ಲ. ನಿವೃತ್ತನಾಗುವವರೆಗೆ ಮೂವತ್ತು ವರ್ಷ ಮುತ್ತಿನಕೊಪ್ಪದ ಪೋಸ್ಟ್‌ಮ್ಯಾನ್ ಆಗಿ ಕಾಗದದ ಕಟ್ಟು ಕಟ್ಟಿದ ಕೈ ಅವನದು. ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಬಿಟ್ಟರೆ ಬೇರೆ ಹಾಕಿ ಗೊತ್ತಿಲ್ಲ. ಇದು ನೋಡಿದರೆ ಕಗ್ಗಂಟು. ಯಾರದ್ದಪ್ಪಾ?

ಕಾಫಿ ತಂದ ಹೆಂಡತಿ ಜಲಜಾಕ್ಷಿಯ ಮುಂದೆ ಟವೆಲ್ ಹಿಡಿದ. “ಇದು ಯಾರ ಕೆಲಸ ಮಾರಾಯ್ತಿ?”

“ನಂದೇ. ನಿಮಗೆ ನೆನಪು ಮಾಡಕ್ಕೆ ಅಂತ ಬೆಳಿಗ್ಗೆ ನಾನೇ ಹಾಕಿದ್ದು.”

ಶೇಷಪ್ಪನಿಗೆ ನಿರಾಳವಾಯಿತು. ಗುಳಿಗೆ, ಕನ್ನಡಕ, ಪಿಂಚಣಿಯ ದಿನ, ಎಲ್ಲ ಅವಳಿಗೆ ನೆನಪಿರುತ್ತದೆ ಎಂಬ ಧೈರ್ಯದ ಮೇಲೆಯೇ ಅವನು ಇಷ್ಟು ದಿನ ಮರೆಯುತ್ತಾ ಬಂದಿದ್ದ. “ಎಂತದು ನೆನಪು ಮಾಡಕ್ಕೆ?”

“ಅದೇ... ಅದು ಎಂತದೋ...” ಎಂದಳು ಜಲಜಾಕ್ಷಿ. ಗಂಟನ್ನು ಮುಟ್ಟಿ ನೋಡಿದಳು, ಅವನ ಮುಖ ನೋಡಿದಳು. “ನಿಮಗೆ ಹೇಳೇ ಹಾಕಿದ್ನಲ್ಲ?” ಎಂದಳು. ದನಿ ಸಣ್ಣದಾಗಿತ್ತು.

ಶೇಷಪ್ಪ ಗಂಟು ಬಿಚ್ಚದೆ ಟವೆಲನ್ನು ಹೆಗಲಿಗೆ ಹಾಕಿಕೊಂಡ.

“ನೀನು ಹೇಳಿದ್ದೆ, ಹೇಳಿದ್ದೆ,” ಎಂದ. “ನಂಗೆ ನೆನಪಿದೆ.”