ಪ್ರೈಮರಿ ಮೆಂಬರು

“ಕೈ ಇಳಿಸಿ ಜಯರಾಮು. ನಿಮಗೆ ಓಟಿಲ್ಲ,” ಎಂದರು ಕನ್ನಡ ಸಂಘದ ಕಾರ್ಯದರ್ಶಿ ಕೃಷ್ಣಸ್ವಾಮಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಜಯರಾಮು ಕೈ ಇಳಿಸದೆ ನಕ್ಕ. ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ಈ ಶಾಲೆಯ ಕೆಫೆಟೇರಿಯಾದಲ್ಲಿ, ಯುಗಾದಿ ಊಟ ಮುಗಿಸಿ, ಸಂಘದ ವಾರ್ಷಿಕ ಸಭೆಯಲ್ಲಿ ಅಡಿಕೆ ಜಗಿಯುತ್ತಾ ಹನ್ನೆರಡು ವರ್ಷದಿಂದ ಕೈ ಎತ್ತಿಕೊಂಡು ಬಂದವನು ಅವನು. ಸಂಘದ ಬೈಲಾ ಇರುವುದೇ ಹಾಗೆ: ಒಂದು ಮನೆಗೆ ಒಂದು ಓಟು, ಹಾಕುವವರು ಆ ಮನೆಯ ಪ್ರೈಮರಿ ಮೆಂಬರು. ಪ್ರೈಮರಿ ಮೆಂಬರೆಂದರೆ ಗಂಡಸೇ ಎಂದು ಎಲ್ಲೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ.

“ತಮಾಷೆ ಮಾಡ್ಬೇಡಿ ಸಾರ್. ಯಾಕಿಲ್ಲ ಓಟು?”

“ನಿಮ್ಮ ಮನೆ ಪ್ರೈಮರಿ ಮೆಂಬರು ಮಹಿಮಾ ಅಂತಿದೆ. ಫಾರ್ಮ್‌ಗೆ ಸೈನ್ ಮಾಡಿದವರೇ ಪ್ರೈಮರಿ. ನಾನೇನು ಮಾಡ್ಲಿ?”

ಜಯರಾಮು ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದ. ಮಹಿಮಾ ನಗಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಓಟು ಬೇಕೆಂದು ಅವಳು ನಿರ್ಣಯ ತರುತ್ತಿರುವುದು ಇದು ಮೂರನೆಯ ವರ್ಷ. ಹಿಂದಿನ ಎರಡು ಸಲವೂ, ಹೆಂಗಸರು ಒಳಗೆ ಪಾತ್ರೆ ತೊಳೆದು ಉಳಿದ ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಿದ್ದ ಹೊತ್ತಿಗೆ, ಹೊರಗೆ ಗಂಡಸರು ಕೈ ಎತ್ತಿ ಅದರ ಕಥೆ ಮುಗಿಸಿದ್ದರು. ಕಳೆದ ವರ್ಷವಂತೂ ಅಧ್ಯಕ್ಷ ಮೃತ್ಯುಂಜಯ ಅಂಕಲ್, “ನೀನು ಹೇಳೋದನ್ನ ಜಯರಾಮು ಹತ್ರ ಹೇಳಮ್ಮ, ಅವನು ಎತ್ತುತ್ತಾನೆ ಕೈ” ಎಂದು ತುಂಬಿದ ಸಭೆಯನ್ನು ನಗಿಸಿದ್ದರು. ಜಯರಾಮುವೂ ನಕ್ಕಿದ್ದ. ಮೆಟುಚೆನ್ನಿನ ಮನೆ ತಲುಪುವವರೆಗೂ ಮಹಿಮಾ ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಿದ್ದಳು.

ಆಮೇಲೆ, ಜನವರಿಯಲ್ಲಿ, ಸದಸ್ಯತ್ವ ನವೀಕರಣದ ಈಮೇಲ್ ಬಂತು. ನಮ್ಮ ಗಂಡಸರ ಸಂಗತಿ ಗೊತ್ತಲ್ಲ, ಮಕ್ಕಳ ಸಮ್ಮರ್ ಕ್ಯಾಂಪಿರಲಿ, ಡೆಂಟಿಸ್ಟಿರಲಿ, ಫಾರ್ಮ್ ಎಂದು ಕಂಡರೆ ಸಾಕು, ಓದದೆ ಹೆಂಡತಿಗೆ ಫಾರ್ವರ್ಡ್. ಜಯರಾಮು ಕೂಡ ‘ಪ್ಲೀಸ್ ಹ್ಯಾಂಡಲ್’ ಎಂದು ಎರಡು ಪದ ಬರೆದು ಮಹಿಮಾಳ ಕಡೆ ತಳ್ಳಿದ. ಅವಳು ಹ್ಯಾಂಡಲ್ ಮಾಡಿದಳು. ಮೊದಲನೆಯ ಖಾನೆಯಲ್ಲಿ ತನ್ನ ಹೆಸರು ತುಂಬಿ ಸೈನ್ ಹಾಕಿದಳು. ಆಮೇಲೆ ಒಂದು ವಾರ ಕೂತು ಒಂದೊಂದೇ ಮನೆಗೆ ಫೋನ್ ಮಾಡಿದಳು. ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಆ ಈಮೇಲ್ ಹೆಂಡತಿಯ ಇನ್‌ಬಾಕ್ಸಿನಲ್ಲೇ ಬಂದು ಬಿದ್ದಿತ್ತು.

ಕೃಷ್ಣಸ್ವಾಮಿ ಪಟ್ಟಿ ಓದುತ್ತಾ ಹೋದರು. ಒಂದೊಂದು ಹೆಸರಿಗೂ ಒಬ್ಬೊಬ್ಬ ಗಂಡಸು ಕೈ ಇಳಿಸಿದ. ಅಧ್ಯಕ್ಷರ ಮನೆಯ ಓಟೂ ಅವರ ಹೆಂಡತಿ ಸರ್ವಮಂಗಳಾ ಹೆಸರಿನಲ್ಲಿತ್ತು. ಕೊನೆಗೆ ತಮ್ಮದೇ ಮನೆಯ ಸಾಲು ಬಂದಾಗ ಕೃಷ್ಣಸ್ವಾಮಿ ಕನ್ನಡಕ ತೆಗೆದು ಒರೆಸಿಕೊಂಡರು, ಆಮೇಲೆ ತಮ್ಮ ಹೆಂಡತಿಯ ಹೆಸರು ಓದಿದರು. ಅರವತ್ತೇಳು ಮನೆಗಳಲ್ಲಿ ಗಂಡಸರ ಹೆಸರಿನಲ್ಲಿ ಉಳಿದದ್ದು ಎಂಟು.

ಆಗ ಎದ್ದವರು ಬೇಬಿ ಆಂಟಿ. ಕುಂದಾಪುರದ ಕಡೆಯವರು, ರೂಟ್ ಒನ್ ಹೆದ್ದಾರಿಯ ಪಕ್ಕದಲ್ಲಿ ನಲವತ್ತು ರೂಮಿನ ಮೋಟೆಲ್ ನಡೆಸುವ ಗಟ್ಟಿಗಿತ್ತಿ.

“ಇನ್ನು ಎಂತಕ್ಕೆ ಮಾರಾಯ್ತಿ ನಿನ್ನ ನಿರ್ಣಯ? ವಾಪಸ್ ತಗೊ ಮಹಿಮಾ. ಒಂದು ಮನೆ, ಒಂದು ಓಟು. ಒಳ್ಳೆ ರೂಲ್ಸ್ ಅಲ್ವಾ ಅದು? ಹಾಗೇ ಇರ್ಲಿ.”

ಪಾತ್ರೆಗಳನ್ನು ಇದ್ದಲ್ಲಿಯೇ ಬಿಟ್ಟು ಬಂದು ಮುಂದಿನ ಸಾಲುಗಳಲ್ಲಿ ಕೂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಿರ್ಣಯ ಬಿದ್ದುಹೋದರೆ ಓಟಿಲ್ಲದೆ ಕೂರಬೇಕಾದವರು ತಾವು ಎಂದು ಗಂಡಸರಿಗೆ ಹೊಳೆದದ್ದೇ ಆಗ. ಸುಳ್ಳೇಕೆ ಹೇಳಬೇಕು, ಮಹಿಮಾಳಿಗೂ ಆಸೆಯಾಯಿತು. ಒಂದು ವರ್ಷ, ಒಂದೇ ಒಂದು ವರ್ಷ ಇವರೆಲ್ಲ ಬಾಯಿ ಮುಚ್ಚಿಕೊಂಡು ಕೂತು ನೋಡಲಿ ಎನ್ನಿಸಿತು.

ಅಷ್ಟರಲ್ಲಿ ಮೃತ್ಯುಂಜಯ ಅಂಕಲ್ ವೇದಿಕೆ ಇಳಿದು ಅವಳ ಕುರ್ಚಿಯ ಹತ್ತಿರ ಬಂದು ಬಗ್ಗಿದರು. ದನಿ ಬೆಣ್ಣೆಯಷ್ಟು ಮೆತ್ತಗಿತ್ತು.

“ನೋಡಮ್ಮ, ವಾಪಸ್ ಗೀಪಸ್ ತಗೋಬೇಡ. ಸಂಸಾರ ಅಂದ್ಮೇಲೆ ಗಂಡ ಹೆಂಡತಿ ಇಬ್ರೂ ಸಮಾನೇ ಅಲ್ವಾ? ಇಟ್ಸ್ ಓನ್ಲಿ ಫೇರ್.”

ಎರಡು ವರ್ಷದಿಂದ ಅವಳು ಬಾಯಿ ನೋಯುವಷ್ಟು ಹೇಳಿದ್ದ ಮಾತೇ ಇದು. ಮಹಿಮಾಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

“ವಾಪಸ್ ತಗೊಳ್ಳಲ್ಲ ಅಂಕಲ್. ನನಗೆ ಬೇಕಾಗಿರೋದು ನನ್ನ ಓಟು, ನಿಮ್ಮದಲ್ಲ. ಆದ್ರೆ ಈಗ ನನ್ನ ಕಿವೀಲಿ ಹೇಳಿದ್ರಲ್ಲ, ಅದನ್ನ ಮೈಕಲ್ಲಿ ಹೇಳಿ.”

“ಮೈಕಲ್ಲಾ?”

“ಹೇಳಿ ಅಂಕಲ್,” ಎಂದ ಜಯರಾಮು. ಈ ಸಲ ಅವನು ನಗಲಿಲ್ಲ. ಹೆಂಡತಿಯ ಕಡೆ ನೋಡುವ ಧೈರ್ಯವೂ ಅವನಿಗಿರಲಿಲ್ಲ, ಆದರೆ ಹೇಳಿದ.

ಮೃತ್ಯುಂಜಯ ಅಂಕಲ್ ಮತ್ತೆ ವೇದಿಕೆ ಹತ್ತಿದರು. ಗಂಟಲು ಸರಿಮಾಡಿಕೊಂಡರು, ನೀರು ಕುಡಿದರು, ಕಡೆಗೆ ಬಾಯಿ ಬಿಟ್ಟರು. “ಗಂಡ ಹೆಂಡತಿ ಇಬ್ಬರೂ ಸಮಾನರು. ಇಬ್ಬರಿಗೂ ಓಟಿರಬೇಕು.”

ಮುಂದಿನ ಸಾಲುಗಳಿಂದ ಐವತ್ತೊಂಬತ್ತು ಕೈಗಳು ಒಂದೇ ಸಲಕ್ಕೆ ಮೇಲೆದ್ದವು. ಬಳೆಗಳ ಸದ್ದು ಆ ದೊಡ್ಡ ಹಾಲಿನ ತುಂಬ ಹರಡಿತು. ಮಹಿಮಾಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಕೈ ಇಳಿಸಲು ಮನಸ್ಸಾಗಲಿಲ್ಲ. ಆ ಕೈಗಳ ನಡುವಿನಿಂದ ಸರ್ವಮಂಗಳಾ ಆಂಟಿಯ ದನಿ ನಿಧಾನವಾಗಿ ಬಂತು.

“ಕೇಳಿಸ್ಲಿಲ್ಲ ರೀ. ಇನ್ನೊಂದ್ಸಲ ಹೇಳಿ.”